ಹಾರಿದ್ದು ಮರಳಬೇಕಾದರೆ

1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಮೇಲೇರಿದಾಗ ನಾವು ಕಾಸರಗೋಡಿನ ಕನ್ನಡ ಶಾಲೆಯೊಂದರ ವಿದ್ಯಾರ್ಥಿಗಳು. ಗುರುಗಳು ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದರು. ಎಷ್ಟು ಎತ್ತರಕ್ಕೆ ಹೋಯಿತೆಂದು ಎಲ್ಲರೂ ಕೇಳಿದೆವು. ಎಲ್ಲಿ ಬಿತ್ತೆಂದು ಒಬ್ಬರೂ ಕೇಳಲಿಲ್ಲ. ಆ ಪ್ರಶ್ನೆ ನಮಗೆ ಎದುರಾದದ್ದು ಎಪ್ಪತ್ತು ದಾಟಿದ ಮೇಲೆ, ಅಮೆರಿಕದ ಇಲಿನಾಯ್ ಪ್ರಾಂತದ ಮುಸುಕಿನ ಜೋಳದ ಹೊಲದಲ್ಲಿ.

ಮಗಳ ಮನೆಗೆ ಹೋಗಿದ್ದ ನಮಗೆ ಹದಿನಾಲ್ಕರ ಮೊಮ್ಮಗನ ಹವ್ಯಾಸವೇ ಹೊಸ ಪಾಠವಾಯಿತು. ರಟ್ಟಿನ ಕೊಳವೆ, ಪ್ಲಾಸ್ಟಿಕ್ ಮೂತಿ, ಪ್ಯಾರಾಚೂಟ್ ಎಲ್ಲವನ್ನೂ ಜೋಡಿಸಲು ಅವನು ಮೂರು ತಿಂಗಳು ದುಡಿದಿದ್ದ. ರಾಕೆಟ್ ನೆಟ್ಟಗೆ ಹಾರಿತು, ಪ್ಯಾರಾಚೂಟ್ ಬಿಚ್ಚಿಕೊಂಡಿತು, ಗಾಳಿ ಅದನ್ನು ಆಳೆತ್ತರದ ಪೈರಿನೊಳಗೆ ಒಯ್ದಿತು. ರೈತನ ಅನುಮತಿ ಪಡೆದು ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. "ಇನ್ನು ನಾನು ಮಾಡುವುದಿಲ್ಲ" ಎಂದ ಹುಡುಗ. ಬಾಳೆಲ್ಲ ಮಕ್ಕಳೊಡನೆ ಕಳೆದ ನಮಗೆ ಆ ಮಾತಿನ ಅಪಾಯ ಗೊತ್ತಿತ್ತು.

ಮುಂದಿನ ರಾಕೆಟ್ಟಿಗೆ ಜಿಪಿಎಸ್ ಟ್ರ್ಯಾಕರ್ ಅಳವಡಿಸುವುದೆಂದು ನಿಶ್ಚಯಿಸಿದೆವು. ನಾಯಿಯ ಕೊರಳಿಗೆ ಕಟ್ಟುವ ಅಗ್ಗದ ಸಾಧನ ಸಾಲದೇ ಎಂದು ಕೇಳಿದೆವು. ಅದಕ್ಕೆ ಮೊಬೈಲ್ ಜಾಲ ಬೇಕು, ಆ ಹೊಲದಲ್ಲಿ ನಮ್ಮ ಫೋನುಗಳೇ ಮೂಕವಾಗಿದ್ದವಲ್ಲ ಎಂದು ಮೊಮ್ಮಗ ನೆನಪಿಸಿದ. ತನ್ನ ಸ್ಥಾನವನ್ನು ರೇಡಿಯೋ ಮೂಲಕ ಕೈಯಲ್ಲಿರುವ ಗ್ರಾಹಕಕ್ಕೆ ನೇರವಾಗಿ ಕಳುಹಿಸುವ, ಅಲ್ಲಿ ಪರವಾನಗಿ ಬೇಡದ 900 ಮೆಗಾಹರ್ಟ್ಸ್ ಸಾಧನವನ್ನೇ ಕೊನೆಗೆ ಆರಿಸಿದೆವು.

ಲೋಹವೂ ಕಾರ್ಬನ್ ಫೈಬರೂ ರೇಡಿಯೋ ಅಲೆಗಳನ್ನು ತಡೆಯುತ್ತವೆ, ಪ್ಲಾಸ್ಟಿಕ್ ತಡೆಯದು. ಆದ್ದರಿಂದ ಮೂತಿಯ ಒಳಗೆ, ಕಬ್ಬಿಣದ ಕಡ್ಡಿಯಿಂದ ದೂರ, ಆಂಟೆನಾ ನೆಟ್ಟಗೆ ನಿಲ್ಲುವಂತೆ ತೆಳು ಹಲಗೆಗೆ ಅದನ್ನು ಬಿಗಿದೆವು. ಹಾರುವಾಗಿನ ಜಗ್ಗಾಟಕ್ಕೆ ಕಳಚದಂತೆ ಬ್ಯಾಟರಿಗೆ ಪ್ರತ್ಯೇಕ ಪಟ್ಟಿ ಕಟ್ಟಿದೆವು. ಪ್ಯಾರಾಚೂಟನ್ನು ಹೊರದೂಡುವ ಮದ್ದಿನ ಬಿಸಿಹೊಗೆ ತಾಗದಿರಲೆಂದು ನಡುವೆ ತಡೆಯನ್ನಿಟ್ಟೆವು. ಕೂಡಿದ ತೂಕಕ್ಕೆ ತಕ್ಕಂತೆ ದೊಡ್ಡ ಪ್ಯಾರಾಚೂಟನ್ನೇ ಹಾಕಿದೆವು. ಹಾರಿಸುವ ಹಿಂದಿನ ದಿನ ಮೊಮ್ಮಗ ಸಾಧನವನ್ನು ಉದ್ಯಾನದಲ್ಲಿ ಬಚ್ಚಿಟ್ಟ. ಗ್ರಾಹಕ ಹಿಡಿದು ಹುಡುಕಿ ತೆಗೆಯುವ ಪರೀಕ್ಷೆ ಅಜ್ಜನಿಗೆ. ಹೇಗೋ ತೇರ್ಗಡೆಯಾದೆವು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಉಪಗ್ರಹಗಳ ಸಂಕೇತ ಸ್ಥಿರವಾಗುವವರೆಗೆ ಕಾದು ಹಾರಿಸಿದೆವು. ಮತ್ತೆ ಅದೇ ಜೋಳದ ಹೊಲ! ನೆಲ ಮುಟ್ಟಿದೊಡನೆ ಸಂಕೇತ ನಿಂತಿತು. ಮೊಮ್ಮಗನ ಮುಖ ಬಾಡಿತು. ಆದರೆ ಇಳಿಯುವಾಗ ಬಂದ ಕೊನೆಯ ಅಕ್ಷಾಂಶ, ರೇಖಾಂಶಗಳು ಗ್ರಾಹಕದಲ್ಲಿ ಉಳಿದಿದ್ದವು. ಅದನ್ನು ತಲೆಯ ಮೇಲೆತ್ತಿ ಹಿಡಿದು ಆ ದಿಕ್ಕಿಗೆ ನಡೆದೆವು. ಹತ್ತಿರವಾದಂತೆ ಸಂಕೇತ ಮರಳಿತು. ಯಂತ್ರವು ಕೆಲವು ಮೀಟರುಗಳ ಅಂತರದವರೆಗೆ ಮಾತ್ರ ಕರೆದೊಯ್ಯುತ್ತದೆ. ಉಳಿದದ್ದು ಕಣ್ಣಿನ ಕೆಲಸ. "ಅಜ್ಜಾ, ಇಲ್ಲಿದೆ!" ಎಂದು ಪೈರಿನ ನಡುವಿನಿಂದ ಕೂಗು ಬಂತು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗನ ಆ ಕೂಗು ಕನ್ನಡದಲ್ಲಿತ್ತು.

ಮೇಲೇರುವುದನ್ನು ನಾವು ಶಾಲೆಯಲ್ಲಿ ಮಕ್ಕಳಿಗೆ ಬೇಕಾದಷ್ಟು ಬೋಧಿಸಿದೆವು. ಕಳೆದುಕೊಂಡ ಮೇಲೆ ಮತ್ತೆ ಕಟ್ಟುವುದನ್ನೂ ಬಿದ್ದಲ್ಲಿಗೆ ನಡೆದುಹೋಗಿ ಎತ್ತಿ ತರುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕಿತ್ತು. ಆ ಪಾಠವನ್ನು ನಾವು ಮೊಮ್ಮಗನ ಜೊತೆಗೇ ಕಲಿತೆವು.