ತಾತ್ಕಾಲಿಕ ಗುಡಿಸಲು

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳ ಅಡಿಯಲ್ಲಿ ಚಿಹ್ನೆಗಳ ಒಂದು ಪಟ್ಟಿ ಇರುತ್ತದೆ. ರಸ್ತೆ, ಬಂಡಿಜಾಡು, ಕಾಲುದಾರಿ, ಕೆರೆ, ಬಾವಿ, ಗುಡಿ, ಮಸೀದಿ, ಗೋರಿ ಹೀಗೆ ಎಲ್ಲದಕ್ಕೂ ಗುರುತು. ಗುಡಿಸಲುಗಳಿಗೆ ಎರಡು: ಕಾಯಂ ಗುಡಿಸಲು, ತಾತ್ಕಾಲಿಕ ಗುಡಿಸಲು. ನಕ್ಷೆ ನೋಡುವವರು ಸಾಮಾನ್ಯವಾಗಿ ಈ ಸಾಲಿನ ಬಳಿ ನಿಲ್ಲುವುದಿಲ್ಲ. ನನ್ನ ತಾಯಿಯ ಕಡೆಯವರ ಚರಿತ್ರೆ ಮಾತ್ರ ಆ ಎರಡನೆಯ ಗುರುತಿಗೆ ಬಂದು ನಿಂತುಬಿಟ್ಟಿದೆ.

ಅವರು ಜೋಯಿಡಾ ತಾಲ್ಲೂಕಿನ ಕುಣಬಿಗಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದರೆ ಅಷ್ಟಿಷ್ಟು ಮರಾಠಿ. ಗೆಡ್ಡೆ-ಗೆಣಸು, ಒಂದಿಷ್ಟು ಭತ್ತ, ಕಾಡಿನ ಕಿರು ಉತ್ಪನ್ನ ಇವು ಜೀವನ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿಯ ಕೆಲವು ಅರ್ಜಿಗಳು ಇನ್ನೂ ನಡೆಯುತ್ತಿವೆ. ಅವುಗಳಲ್ಲಿ ನನ್ನ ಸೋದರಮಾವನದೂ ಒಂದು. ಮನೆ, ಅಂಗಳ, ಮನೆಯ ಹಿಂದಿನ ಮೂರು ಮಡಿ ಗದ್ದೆ, ಇಷ್ಟಕ್ಕೆ ಹಕ್ಕುಪತ್ರ ಕೇಳಿದ್ದಾರೆ. ಅದು 'ದಾಖಲೆ ಸಾಲದು' ಎಂದು ಒಮ್ಮೆ ವಾಪಸು ಬಂದಮೇಲೆ ಧಾರವಾಡದಲ್ಲಿರುವ ನನ್ನ ನೆನಪಾಯಿತು. "ನೀನು ಓದಿದವ, ಏನಾದರೂ ಹುಡುಕು" ಅಂದರು.

ಏನನ್ನು ಹುಡುಕಬೇಕು ಎನ್ನುವುದು ಕಾಯ್ದೆಯಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿ ಇದ್ದರೆ ಸಾಕು. ಪಟ್ಟಿಯಲ್ಲಿ ಇಲ್ಲದ ಪಾರಂಪರಿಕ ಅರಣ್ಯವಾಸಿಗಳು ಅದೇ ತಾರೀಖಿಗೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಬದುಕಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಅದೇ ವರ್ಷ ಗೋವಾದಲ್ಲಿ ಕುಣಬಿಗಳೂ ಸೇರಿದರು. ಜೋಯಿಡಾದ ಕುಣಬಿಗಳ ಬೇಡಿಕೆ ಬೇಡಿಕೆಯಾಗಿಯೇ ವರ್ಷಗಟ್ಟಲೆ ಉಳಿದಿದೆ. ನಕ್ಷೆಯ ಮೇಲೆ ಕ್ಯಾಸಲ್ ರಾಕ್ ಬಳಿ ಹಾದುಹೋಗುವ ಒಂದು ಗೆರೆಯ ಆಚೆ ಒಂದು ಲೆಕ್ಕ, ಈಚೆ ಇನ್ನೊಂದು. ನಮ್ಮ ನೆಂಟರು ಎರಡೂ ಕಡೆ ಇದ್ದಾರೆ.

ಹೋಲಿಕೆಗಾಗಿ ಅಪ್ಪನ ಕಡೆಯದನ್ನೂ ಹೇಳಬೇಕು. ಅಪ್ಪನದು ಹಳಿಯಾಳದ ಬಯಲು ಸೀಮೆ ಹಳ್ಳಿ. (ಅಪ್ಪ ಅಮ್ಮ ಭೇಟಿಯಾದದ್ದು ಕಾಗದದ ಗಿರಣಿಯ ದಾಂಡೇಲಿಯಲ್ಲಿ, ಅದು ಬೇರೆಯೇ ಪ್ರಬಂಧ.) ಆ ಕಡೆಯ ಚರಿತ್ರೆ ಒಂದು ಮಧ್ಯಾಹ್ನದ ಕೆಲಸ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದ ಮೇಲೆ ಅಲ್ಲಿಯ ಪದ್ಧತಿಯ ಸರ್ವೆ ಬಂತು. 33 ಅಡಿಯ ಸರಪಳಿ, ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಹೊಲಕ್ಕೊಂದು ನಂಬರು, ನಂಬರಿಗೊಂದು ಟಿಪ್ಪಣಿ, ಊರಿಗೊಂದು ಆಕಾರಬಂದ್. ಗ್ರಾಮ ನಕ್ಷೆ ಈಗ ಸರಕಾರದ ಜಾಲತಾಣದಲ್ಲಿಯೇ ಸಿಗುತ್ತದೆ. ಮೈಲಿಗೆ ಎಂಟು ಇಂಚಿನ ಅಳತೆಯಾದ್ದರಿಂದ ಬಾವಿ, ಹೊಂಡ, ಮೂರು ಊರುಗಳ ಗಡಿ ಕೂಡುವ ಕಲ್ಲು ಕೂಡ ಕಾಣುತ್ತವೆ. ಮುತ್ತಜ್ಜನ ಹೆಸರು, ಅವನ ಅಣ್ಣ ಹಿಸ್ಸೆ ಕೇಳಿದ್ದು, ಬದು ಮುರಿದದ್ದು ಎಲ್ಲ ಉತಾರ ಮತ್ತು ಡೈರಿಗಳಲ್ಲಿ ಇತ್ತು. ಕಂದಾಯ ಕಟ್ಟಿದವರನ್ನು ಸರಕಾರ ಮರೆಯುವುದಿಲ್ಲ.

ಅಮ್ಮನ ಊರಿನ ಗ್ರಾಮ ನಕ್ಷೆ ತೆರೆದರೆ ಅಂಥದ್ದೇನೂ ಇಲ್ಲ. ಕೆಲವು ಗದ್ದೆ ನಂಬರುಗಳು ಒಂದು ಮೂಲೆಯಲ್ಲಿ ಒತ್ತಿಕೊಂಡಿವೆ, ಉಳಿದದ್ದು ಒಂದೇ ದೊಡ್ಡ ನಂಬರು, ಅರಣ್ಯ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಮಾವನ ಅಂಗಳದಲ್ಲಿ ನಿಂತರೂ ಅದೇ ನಂಬರು ಬರುತ್ತದೆ, ಅಡುಗೆಮನೆಯಲ್ಲಿ ನಿಂತರೂ ಅದೇ.

ಇದಕ್ಕೆ ಹಿನ್ನೆಲೆ ಇದೆ. ಕುಣಬಿಗಳ ಹಿಂದಿನ ಬೇಸಾಯ ಕುಮರಿ. ಗುಡ್ಡದ ಇಳಿಜಾರಿನ ಕಾಡು ಕಡಿದು ಸುಟ್ಟು, ಆ ಬೂದಿಯಲ್ಲಿ ರಾಗಿಯಂಥ ಬೆಳೆ ತೆಗೆದು, ಒಂದೆರಡು ವರ್ಷದ ಮೇಲೆ ಪಕ್ಕದ ತುಂಡಿಗೆ ಹೋಗುವುದು. ತೇಗದ ಬೆಲೆ ತಿಳಿದ ಸರಕಾರಕ್ಕೆ ಇದು ಸರಿಬರಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಕುಮರಿಯ ಮೇಲೆ ನಿರ್ಬಂಧ ಬಿಗಿಯಾಗುತ್ತ ಹೋಯಿತು, 1878ರ ಅರಣ್ಯ ಕಾಯ್ದೆಯ ನಂತರ ಕಾಯ್ದಿಟ್ಟ ಕಾಡಿನ ಗೆರೆಗಳು ಬಂದವು. 1883ರಲ್ಲಿ ಬಂದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಕುಣಬಿಗಳ ಬಗ್ಗೆಯೂ ಕುಮರಿಯ ಬಗ್ಗೆಯೂ ಬರಹ ಇದೆ. ಜನ ಇದ್ದರು ಎನ್ನುವುದಕ್ಕೆ ಅದು ಸಾಕ್ಷಿ. ಯಾವ ಹಳ್ಳದ ಪಕ್ಕ ಯಾರ ಮನೆ ಎನ್ನುವುದಕ್ಕಲ್ಲ.

ಹಾಗಾಗಿ ಬೇಕಾದದ್ದು ಭೂನಕ್ಷೆ, ಟೋಪೋಶೀಟ್. ಭಾರತವನ್ನು ಚೌಕಗಳಾಗಿ ಕತ್ತರಿಸಿರುವ ಈ ಹಾಳೆಗಳ ಲೆಕ್ಕದಲ್ಲಿ ಹಳಿಯಾಳ, ದಾಂಡೇಲಿ, ಸೂಪಾ, ಜೋಯಿಡಾ 48 ಐ ಎಂಬ ಹಾಳೆಯಲ್ಲಿ ಬರುತ್ತವೆ. ಮುಂಡಗೋಡ ಪೇಟೆ ಸ್ವಲ್ಪದರಲ್ಲೇ ತಪ್ಪಿ 48 ಎನ್‌ಗೆ ಹೋಗುತ್ತದೆ. ಸೋದರತ್ತೆಯ ಮನೆ ಆ ಕಡೆ ಇರುವುದರಿಂದ ಅದನ್ನೂ ನೋಡಿದೆ. 1966ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿರುವ ಜಾಗ ಹಳೆಯ ಹಾಳೆಯಲ್ಲಿ ಬರೀ ಕಾಡು. ಈಗ ಅಲ್ಲಿ ವಿಹಾರಗಳಿವೆ, ಮೆಕ್ಕೆಜೋಳದ ಹೊಲಗಳಿವೆ.

ಮನೆಯಲ್ಲೇ ಕೂತು ನೋಡಲು ಸಿಗುವ ಹಳೆಯ ನಕ್ಷೆ ಎಂದರೆ 1950ರ ದಶಕದಲ್ಲಿ ಅಮೆರಿಕದ ಸೈನ್ಯ ಅಚ್ಚು ಹಾಕಿಸಿದ್ದು. ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಅದರಲ್ಲಿ ಸೂಪಾ ಇದೆ, ಕಾಳಿಗೆ ಪಾಂಢರಿ ಹೊಳೆ ಬಂದು ಸೇರುವ ಮೂಲೆಯಲ್ಲಿ. ಇವತ್ತು ಆ ಪೇಟೆ ಇಲ್ಲ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ನೀರು ನಿಂತಿತು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮುಳುಗಡೆಯಾದ ಅನೇಕರು ರಾಮನಗರಕ್ಕೆ ಹೋದರು, ತಾಲ್ಲೂಕಿನ ಹೆಸರೂ ಬದಲಾಯಿತು. ಹೊಳೆಗಳು ಕೂಡುವ ಆ ಮೂಲೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತ ತುಂಬ ಹೊತ್ತು ಕುಳಿತಿದ್ದೆ. ಆದರೆ ಆ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಕಾಲು ಕಿಲೋಮೀಟರ್. ಪೇಟೆ ಸಿಕ್ಕೀತು, ಮನೆ ಸಿಗುವುದಿಲ್ಲ.

ಮನೆ ಸಿಗಬೇಕಾದರೆ ಮೈಲಿಗೆ ಒಂದು ಇಂಚಿನ ಹಾಳೆಯೇ ಬೇಕು. ಪರಿಚಯದ ಭೂಗೋಳ ಅಧ್ಯಾಪಕರೊಬ್ಬರ ಬಳಿ ಬಟ್ಟೆಗೆ ಅಂಟಿಸಿದ ಒಂದು ಪ್ರತಿ ಇತ್ತು. ಅವರು ಮೊದಲು ತೋರಿಸಿದ್ದು ನಕ್ಷೆಯನ್ನಲ್ಲ, ಅದರ ಅಂಚನ್ನು. ಅಚ್ಚಾದ ವರ್ಷ ಬೇರೆ, ಅಳೆದ ವರ್ಷ ಬೇರೆ. ಅಳೆದ ವರ್ಷವನ್ನು ಓದಿಕೊಳ್ಳಬೇಕು ಎಂದರು. ಅದು 1930ಕ್ಕಿಂತ ಹಿಂದಿನದಾಗಿತ್ತು. ಆಮೇಲೆ ಹೆಸರಿಗಾಗಿ ಹುಡುಕಿದೆ. ಊರ ಹೆಸರುಗಳನ್ನು ಇಂಗ್ಲಿಷಿನವರು ಕಿವಿಗೆ ಬಿದ್ದಂತೆ ಬರೆದವರು. ವೆಲೆಸ್ಲಿಯ ಪತ್ರಗಳಲ್ಲಿ ನಮ್ಮ ಹಳಿಯಾಳ 'ಹುಲ್ಲಿಹಾಲ್' ಆಗಿದೆ. ಹಾಗಾಗಿ ಎಲ್ಲ ಬಗೆಯ ಕಾಗುಣಿತದಲ್ಲೂ ನೋಡಿದೆ. ಇರಲಿಲ್ಲ. ಹತ್ತಿರದ ಗೌಳಿವಾಡಾಕ್ಕೆ ಹೆಸರಿತ್ತು, ಹಳ್ಳಕ್ಕೆ ಹೆಸರಿತ್ತು, ಗುಡ್ಡದ ತುದಿಗೆ ಎತ್ತರದ ಅಂಕಿಯಿತ್ತು.

ಕೊನೆಗೆ ದಾರಿ ತೋರಿಸಿದ್ದು ಅಜ್ಜಿ. ಅವಳು ತೀರಿಕೊಂಡು ಬಹಳ ವರ್ಷವಾಯಿತು, ಆದರೆ ಸೂಪಾ ಪೇಟೆಗೆ ನಡೆದುಹೋಗುತ್ತಿದ್ದ ದಾರಿಯನ್ನು ಅವಳು ಹಾಡಿನಂತೆ ಒಪ್ಪಿಸುತ್ತಿದ್ದಳು: ಮನೆ ಬಿಟ್ಟು ಇಳಿಯುವುದು, ಸಣ್ಣ ಹಳ್ಳ, ಏರು, ಇಳಿದರೆ ದೊಡ್ಡ ಹಳ್ಳ, ಗೌಳಿಗರ ದನದ ಕೊಟ್ಟಿಗೆ ಎಡಕ್ಕೆ, ಅಲ್ಲಿಂದ ಹೊಳೆಯ ಸದ್ದು ಕೇಳುತ್ತಲೇ ಹೋಗುವುದು. ಸೂಪಾದಿಂದ ಉಲ್ಟಾ ಹೊರಟು ಅದನ್ನು ನಕ್ಷೆಯ ಮೇಲೆ ಬೆರಳಿನಿಂದ ಹತ್ತಿದೆ. ತುಂಡುಗೆರೆಯ ಕಾಲುದಾರಿಯೊಂದು ಅವಳು ಹೇಳಿದ ಹಾಗೆಯೇ ಎರಡು ಹಳ್ಳ ದಾಟಿ ಮೇಲೆ ಹೋಗಿತ್ತು. ಅದರ ತುದಿಯಲ್ಲಿ ಮೂರು ಸಣ್ಣ ಗುರುತುಗಳು. ಹೆಸರಿಲ್ಲ. ಪಟ್ಟಿಯಲ್ಲಿ ನೋಡಿದರೆ, ತಾತ್ಕಾಲಿಕ ಗುಡಿಸಲು.

ಅಳೆದವನ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಹುಲ್ಲಿನ ಮಾಡು, ಮಣ್ಣಿನ ಗೋಡೆ. ಎದುರಿಗೆ ಕಂಡದ್ದನ್ನು ಬರೆದಿದ್ದಾನೆ. ಮೂರು ಮನೆಗಳನ್ನು ನಕ್ಷೆಗೆ ತಂದದ್ದೇ ಹೆಚ್ಚು. ಆದರೆ ನೂರು ವರ್ಷಗಳ ನಂತರ ಆ ಕಾಗದವನ್ನು ಅರ್ಜಿಗೆ ಲಗತ್ತಿಸುವಾಗ ಅದು ಎರಡೂ ಕಡೆ ಮಾತಾಡುತ್ತದೆ. ಜನ ಇದ್ದರು ಎನ್ನುತ್ತದೆ, ನಿಲ್ಲುವವರಲ್ಲ ಎಂದೂ ಹೇಳುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಹುಲ್ಲು ಬದಲಿಸಿ ಅದೇ ಜಾಗದಲ್ಲಿ ಉಳಿದವರಿಗೆ ಬೇರೆ ಗುರುತು ಆ ಪಟ್ಟಿಯಲ್ಲಿಲ್ಲ.

ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಎರಡರಲ್ಲೂ ಇರುವ ನಾಲ್ಕಾರು ಬಿಂದುಗಳನ್ನು ಜೋಡಿಸಬೇಕು. ನದಿ ಕೂಡುವ ಜಾಗಗಳು ಇದಕ್ಕೆ ಒಳ್ಳೆಯವು, ಆದರೆ ಇಲ್ಲಿ ಮುಖ್ಯವಾದವು ನೀರಿನ ಕೆಳಗಿವೆ. ಗುಡ್ಡದ ತುದಿಗಳನ್ನು, ಕ್ಯಾಸಲ್ ರಾಕ್ ಕಡೆಯ ರೈಲುಹಾದಿಯ ತಿರುವನ್ನು ಹಿಡಿದು ಕೂರಿಸಿದೆ. ಆಗ ಕಂಡದ್ದು ನಾನು ಹುಡುಕಿದ್ದಕ್ಕಿಂತ ಬೇರೆ.

ಹಳೆಯ ಹಾಳೆಯ ತುಂಬ ಆ ತುಂಡುಗೆರೆಗಳು. ಮೂರು ಗುಡಿಸಲಿನಿಂದ ಐದು ಗುಡಿಸಲಿಗೆ, ಅಲ್ಲಿಂದ ಹೊಳೆಯಾಚೆಯ ವಾಡಾಕ್ಕೆ. ಅಜ್ಜಿಗೆ ನಾಲ್ವರು ಅಕ್ಕತಂಗಿಯರು. ಯಾರನ್ನು ಎಲ್ಲಿಗೆ ಕೊಟ್ಟಿತ್ತೆಂದು ಅಮ್ಮ ಹೇಳುತ್ತ ಹೋದಳು, ನಾನು ಗುರುತು ಹಾಕುತ್ತ ಹೋದೆ. ನಾಲ್ಕೂ ಮನೆಗಳು ಒಂದು ಬೆಳಗಿನ ನಡಿಗೆಯಷ್ಟು ದೂರ, ನಾಲ್ಕಕ್ಕೂ ತುಂಡುಗೆರೆ ಇತ್ತು. ಸರ್ವೆಯವರು ಕಾಲುದಾರಿ ಎಂದು ಬರೆದದ್ದರ ಮೇಲೆ ನಡೆದವರು ಹೆಚ್ಚಾಗಿ ಹೆಣ್ಣುಮಕ್ಕಳು: ತವರಿಗೆ, ಬಾಣಂತನಕ್ಕೆ, ಮಣ್ಣಿಗೆ. ಉಪಗ್ರಹ ಚಿತ್ರವನ್ನು ಮೇಲೆ ಎಳೆದರೆ ಅವುಗಳಲ್ಲಿ ಎರಡು ನಡುವಿನಲ್ಲೇ ನೀರಿಗೆ ಇಳಿದು ಆಚೆ ದಡದಲ್ಲಿ ಏಳುತ್ತವೆ. ಒಂದು ಬೆಳಗಿನ ನಡಿಗೆ ಈಗ ಬಸ್ಸಿನಲ್ಲಿ ಅರ್ಧ ದಿನ. ಅಮ್ಮನ ತಲೆಮಾರಿನ ನಂತರ ಆ ಎರಡು ದಿಕ್ಕಿಗೆ ನಮ್ಮವರು ಹೆಣ್ಣು ಕೊಟ್ಟೂ ಇಲ್ಲ, ತಂದೂ ಇಲ್ಲ. ಇದಕ್ಕೆ ಜಗಳ ಕಾರಣ ಎಂದು ಮನೆಯಲ್ಲಿ ಒಂದು ಕತೆ ಇತ್ತು. ನೀರು ಎನ್ನುವುದು ಹೆಚ್ಚು ಸರಳವಾದ ಉತ್ತರ.

ಅರ್ಜಿಗೆ ಬೇಕಾದ ವಂಶಾವಳಿಯಲ್ಲಿ ಇದಾವುದೂ ಇರುವುದಿಲ್ಲ. ಅದು ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ನೇರ ಮೇಲಕ್ಕೆ ಹೋಗುವ ಏಣಿ. ಮಾವನಿಗೆ ಮೂರನೇ ಮೆಟ್ಟಿಲಿನ ಹೆಸರೇ ಗೊತ್ತಿರಲಿಲ್ಲ. ಆದರೆ ಕಾಯ್ದೆಯ ನಿಯಮಗಳು ಇದಕ್ಕಿಂತ ಉದಾರವಾಗಿವೆ. 13ನೇ ನಿಯಮದಲ್ಲಿ ಸಾಕ್ಷ್ಯದ ಪಟ್ಟಿ ಇದೆ: ಗೆಜೆಟಿಯರು, ಜನಗಣತಿ, ನಕ್ಷೆ, ಮನೆ-ಗುಡಿಸಲು, ಕಟ್ಟಿದ ಬದು, ವಂಶಾವಳಿ, ಮತ್ತು ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ. ಆ ಕೊನೆಯದನ್ನು ಓದಿದಾಗ ಹೊಳೆಯಿತು. ಅರ್ಜಿದಾರರಲ್ಲದ, ಆದರೆ ಆ ಮನೆಯನ್ನು ಬಲ್ಲ ಹಿರಿಯರು ಯಾರು? ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು.

ಅಜ್ಜಿಯ ಕೊನೆಯ ತಂಗಿ ಇದ್ದಾಳೆ, ನೀರಿನ ಆಚೆ. ವಯಸ್ಸು ತೊಂಬತ್ತರ ಆಸುಪಾಸು. ಕಣ್ಣು ಮಂಜು, ಮಾತು ಚುರುಕು. ನಾನೂ ಮಾವನೂ ದಾಂಡೇಲಿಯಿಂದ ಬಸ್ಸು ಹಿಡಿದು ಹೋದೆವು. ನಕ್ಷೆಯನ್ನು ನಾನು ಬಿಚ್ಚಲೇ ಇಲ್ಲ, ಅವಳಿಗೆ ಅದು ಬೇಕಿರಲಿಲ್ಲ. ಹುಟ್ಟಿದ ಮನೆಯಿಂದ ಶುರುಮಾಡಿ, ಬಾಗಿಲು ಯಾವ ಕಡೆ, ದೇವರ ಕಲ್ಲು ಎಲ್ಲಿ, ಯಾವ ಹಲಸು ಯಾರು ನೆಟ್ಟದ್ದು, ತನ್ನ ಅಜ್ಜಿ ಯಾವ ಕೋಣೆಯಲ್ಲಿ ತೀರಿಕೊಂಡಳು ಎಂದು ಕೊಂಕಣಿಯಲ್ಲಿ ಹೇಳುತ್ತ ಹೋದಳು. ನಾನು ಕನ್ನಡದಲ್ಲಿ ಬರೆದುಕೊಂಡೆ. ಮಾವನಿಗೆ ಗೊತ್ತಿಲ್ಲದ ಮೂರನೇ ಹೆಸರು ಅವಳ ಬಾಯಲ್ಲಿ ಸುಮ್ಮನೆ ನಡುವೆ ಬಂದುಹೋಯಿತು, ಹಲಸು ನೆಟ್ಟವನ ಹೆಸರಾಗಿ.

ಹೇಳಿಕೆ ನಾಲ್ಕು ಪುಟ ಆಯಿತು. ಓದಿ ಹೇಳಿದ ಮೇಲೆ ಎರಡು ಕಡೆ ತಿದ್ದಿಸಿ ಹೆಬ್ಬೆಟ್ಟು ಒತ್ತಿದಳು. ಮೂರು ಗುರುತುಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ ನಕ್ಷೆಯ ನಕಲಿಗೆ ಅದನ್ನು ಪಿನ್ ಮಾಡಿ ಮಾವ ಊರಿನ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಬಂದಿದ್ದಾರೆ. ಸ್ಥಳ ಪರಿಶೀಲನೆ ಮಳೆ ನಿಂತ ಮೇಲೆ ಅಂತೆ. ಹಲಸಿನ ಮರದ ಬುಡದ ಸುತ್ತಳತೆ ತೆಗೆದಿಡಲು ಹೇಳಿದ್ದೇನೆ.