ಚಪ್ಪಲಿ ಹಾಕ್ಕೊಂಡೇ ನಡೀರಿ



ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ ಆಯ್ತು. ನಿಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಸಭೆಯಲ್ಲಿ ಕೊಟ್ಟ ಸಿಹಿ ಚಹಾ ಕುಡಿದೆ, ಏಪ್ರಿಲ್ 14ಕ್ಕೆ ಪಾಯಸ ಎರಡು ಸಲ ಹಾಕಿಸಿಕೊಂಡೆ. ಧರಣಿ ಇದ್ದ ದಿನ ಮಾತ್ರೆ ಮರೆತೆ, ಊಟ ಮಾಡಿದ್ದು ಮೂರೂವರೆಗೆ. ಹೋರಾಟಗಾರನಿಗೆ ಎಂತ ಕಾಯಿಲೆ ಅನ್ನೋ ಹಮ್ಮು ಅಷ್ಟೇ.

ಕಳೆದ ವರ್ಷ ಆಟಿ ತಿಂಗಳಲ್ಲಿ, ಜಾತಿ ಸರ್ಟಿಫಿಕೇಟಿನ ಅರ್ಜಿ ತುಂಬಿಸೋದಕ್ಕೆ ಕಾಲೊನಿಯಲ್ಲಿ ಮನೆ ಮನೆ ಸುತ್ತಿದೆ. ನಮ್ಮ ಸಂಪಾಜೆ ಮಳೆ ಗೊತ್ತಲ್ಲ, ಕೆಸರಲ್ಲಿ ಚಪ್ಪಲಿಯ ಬಾರು ಕಿತ್ತು ಬಂತು. ಕೈಯಲ್ಲಿ ಹಿಡ್ಕೊಂಡು ಬರಿಗಾಲಲ್ಲೇ ನಡೆದೆ. ರಾತ್ರಿ ಹೆಂಡತಿ ಕೇಳಿದಳು, "ಇದೆಂತ ನೆಲದಲ್ಲಿ ರಕ್ತ? ಜಿಗಣೆ ಕಚ್ಚಿತಾ?" ಕಾಲು ಎತ್ತಿ ನೋಡಿದರೆ ಅಂಗಾಲಲ್ಲಿ ಗಾಜಿನ ಚೂರು. ನನಗೆ ಗೊತ್ತೇ ಆಗಿರಲಿಲ್ಲ.

"ನೋವೇ ಇಲ್ಲ ಡಾಕ್ಟ್ರೇ" ಅಂದೆ, ಏನೋ ದೊಡ್ಡ ಸಾಧನೆ ಮಾಡಿದವನ ಹಾಗೆ. "ಅದೇ ಅಪಾಯ" ಅಂದರು. ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ ಕಾಲಿನ ನರಗಳು ಹಾಳಾಗಿ ಸ್ಪರ್ಶ ಹೋಗುತ್ತದೆ, ರಕ್ತದ ಓಡಾಟವೂ ಕಡಿಮೆ ಆಗುತ್ತದೆ. ಸಣ್ಣ ಗಾಯ ಕೊಳೆತು ಕಾಲು ಕತ್ತರಿಸುವವರೆಗೂ ಹೋಗಬಹುದು. ಎರಡು ತಿಂಗಳು ಡ್ರೆಸ್ಸಿಂಗ್ ಆಯ್ತು. ಕಾಲು ಉಳಿಯಿತು.

ಕೊನೆಗೆ ಡಾಕ್ಟರು ಹೇಳಿದ್ದು, "ಮನೆಯೊಳಗೂ ಬರಿಗಾಲಲ್ಲಿ ನಡೀಬೇಡಿ."

ಆಗ ಅಪ್ಪ ನೆನಪಾದ. ಧಣಿಗಳ ಅಂಗಳ ಬಂದ ಕೂಡಲೇ ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಕೊಳ್ತಿದ್ದ. ಆ ಅಂಗಳದಲ್ಲಿ ಚಪ್ಪಲಿ ಹಾಕ್ಕೊಂಡು ನಡೆಯೋದಕ್ಕೆ ನಮ್ಮವರು ಎಷ್ಟು ಬೈಗುಳ, ಎಷ್ಟು ಪೆಟ್ಟು ತಿಂದರು! ಅಷ್ಟು ಕಷ್ಟಪಟ್ಟು ಕಾಲಿಗೆ ಬಂದ ಚಪ್ಪಲಿಯನ್ನು ನಾನು ಅಸಡ್ಡೆಯಿಂದ ಕೈಯಲ್ಲಿ ಹಿಡ್ಕೊಂಡು ನಡೆದಿದ್ದೆ.

ಬಾಬಾಸಾಹೇಬರಿಗೂ ಈ ಕಾಯಿಲೆ ಇತ್ತು. ಸಂವಿಧಾನದ ಕರಡಿನ ಕೆಲಸದ ನಡುವೆ ಕಾಲುನೋವಿಂದ ನಿದ್ದೆ ಇರಲಿಲ್ಲ. ನಾವು ವೇದಿಕೆಯಲ್ಲಿ ಹೇಳೋದು ಇಷ್ಟೇ, ಆರೋಗ್ಯ ಲೆಕ್ಕಿಸದೆ ದುಡಿದರು ಅಂತ. ಇನ್ನರ್ಧ ಹೇಳೋದಿಲ್ಲ. ಅವರು ಚಿಕಿತ್ಸೆ ತಗೊಂಡರು, ಇನ್ಸುಲಿನ್ ತಗೊಂಡರು. 1948ರ ಏಪ್ರಿಲ್ 15ರಂದು ಅವರು ಮದುವೆಯಾದ ಸವಿತಾ ಅವರು ಸ್ವತಃ ಡಾಕ್ಟರು. 1956ರ ಅಕ್ಟೋಬರ್ 14ಕ್ಕೆ ನಾಗಪುರದ ದೀಕ್ಷೆ, ಡಿಸೆಂಬರ್ 6ಕ್ಕೆ ಪರಿನಿಬ್ಬಾಣ. 65 ವರ್ಷ ಅಷ್ಟೇ. ಇನ್ನು ಹತ್ತು ವರ್ಷ ಅವರು ಇದ್ದಿದ್ದರೆ ಅಂತ ನಾವೆಲ್ಲ ಸಂಕಟಪಡ್ತೇವೆ. ನಮ್ಮ ದೇಹವನ್ನು ಮಾತ್ರ ನಾವೇ ಸುಟ್ಟುಕೊಳ್ತೇವೆ.

ಈಗ ನಾನು ಮಾಡೋದು ಹೇಳ್ತೇನೆ. ಆಫೀಸಲ್ಲಿ ದಿನವಿಡೀ ಕುರ್ಚಿ, ಹೊರಗೆ ಮಳೆ. ಹಾಗಾಗಿ ಊಟ ಆದ ಮೇಲೆ ವರಾಂಡದಲ್ಲೇ ಹದಿನೈದು ನಿಮಿಷ ನಡೀತೇನೆ. ಬಿಸಿಲಿದ್ದರೆ ಕಾಲೊನಿಗೆ ಬೈಕ್ ಬಿಟ್ಟು ನಡೆದೇ ಹೋಗ್ತೇನೆ, ಮುಚ್ಚಿದ ಚಪ್ಪಲಿ ಹಾಕ್ಕೊಂಡು. ರೇಷನ್ ಅಕ್ಕಿಯ ಅನ್ನವೇ ಉಣ್ಣೋದು. ಆದರೆ ಬಟ್ಟಲಲ್ಲಿ ಅರ್ಧ ಭಾಗ ಬಸಳೆ, ತೊಂಡೆ, ಸೊಪ್ಪು; ಜೊತೆಗೆ ಮೀನೋ ಮೊಟ್ಟೆಯೋ ಕಾಳೋ. ಕಿಸೆಯಲ್ಲಿ ನಾಲ್ಕು ಗ್ಲೂಕೋಸ್ ಮಾತ್ರೆ, ಮೆರವಣಿಗೆಯಲ್ಲಿ ಕೈ ನಡುಗಿ ಬೆವರಿದರೆ ಬೇಕಾಗ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಡಿಕೇರಿ ರಸ್ತೆಯೇ ಮುಚ್ಚಿತ್ತಲ್ಲ, ಅದಕ್ಕೇ ಮಳೆಗಾಲದ ಮೊದಲೇ ಒಂದು ತಿಂಗಳ ಮಾತ್ರೆ ತಂದಿಡ್ತೇನೆ. ರಾತ್ರಿ ಮಗಳು ನನ್ನ ಅಂಗಾಲು ನೋಡಿ "ಪಾಸ್" ಅಂದ ಮೇಲೆಯೇ ನಿದ್ದೆ. ಮೂರು ತಿಂಗಳ ಸರಾಸರಿ 9.8 ಇದ್ದದ್ದು ಈಗ 7.2.

ಇದು ಶ್ರೀಮಂತರ ಕಾಯಿಲೆ ಅಲ್ಲ ಬಂಧುಗಳೇ. ಮೂವತ್ತು ದಾಟಿದವರು ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಮಾತ್ರೆ ಇಲ್ಲ ಅಂದರೆ ಸುಮ್ಮನೆ ವಾಪಸ್ ಬರಬೇಡಿ, ಕೇಳಿ. ಅದು ನಮ್ಮ ಹಕ್ಕು. ನಮ್ಮ ಸಭೆಗಳಲ್ಲಿ ಸಕ್ಕರೆ ಇಲ್ಲದ ಚಹಾ ಇರಲಿ, ಊಟ ಒಂದು ಗಂಟೆಗೆ ಆಗಲಿ. ಯಾರಾದರೂ "ನನಗೆ ಶುಗರ್ ಇದೆ" ಅಂದರೆ ನಗಬೇಡಿ.

ದಾರಿ ಇನ್ನೂ ದೂರ ಇದೆ. ಕಾಲು ಬೇಕು. ಚಪ್ಪಲಿ ಹಾಕ್ಕೊಂಡೇ ನಡೀರಿ.

ಜೈ ಭೀಮ್.