ಮೊಳಕೆಯ ಸಿರಿ

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದರು ನಮ್ಮ ಹಿರಿಯರು. ಮಾತು ಸುಳ್ಳಲ್ಲ. ಆದರೆ ಮೊಳಕೆ ಕಂಡ ಮರುದಿನವೇ ಕುಡುಗೋಲು ಹಿಡಿದು ಹೊಲಕ್ಕೆ ಇಳಿಯಿರಿ ಎಂದು ಅವರು ಹೇಳಲಿಲ್ಲ. ಕ್ರಿಕೆಟ್ ಅಭಿಮಾನಿಗಳ ಕೈಯಲ್ಲಿ ಮಾತ್ರ ಕುಡುಗೋಲು ಸದಾ ಸಿದ್ಧವಾಗಿರುತ್ತದೆ.

ಕರುಣ್ ನಾಯರ್ ಅವರ ವಿಷಯವನ್ನೇ ನೋಡೋಣ. ಜೋಧಪುರದಲ್ಲಿ ಹುಟ್ಟಿದ, ಮಲೆಯಾಳಿ ಮನೆತನದ, ಬೆಂಗಳೂರಿನಲ್ಲಿ ಬೆಳೆದ ಹುಡುಗ. 2014-15ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ಮೇಲೆ 328 ಓಟ ಹೊಡೆದು ಕರ್ನಾಟಕಕ್ಕೆ ಪ್ರಶಸ್ತಿ ತಂದುಕೊಟ್ಟವರಲ್ಲಿ ಒಬ್ಬ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಅಜೇಯ 303! ಅದು ಅವರ ಮೂರನೆಯ ಟೆಸ್ಟ್. ಹಿಂದಿನ ಎರಡರಲ್ಲಿ ಗಳಿಸಿದ್ದು 4 ಮತ್ತು 13. ಭಾರತದ ಪರವಾಗಿ ಅದುವರೆಗೆ ತ್ರಿಶತಕ ಹೊಡೆದವರು ಸೆಹವಾಗ್ ಒಬ್ಬರೇ. ಅಂದು ಕೊಯಾಲಿಯ ನಮ್ಮ ಕನ್ನಡದ ಮನೆಗಳಲ್ಲಿ ಹಬ್ಬವೋ ಹಬ್ಬ. ಇನ್ನು ಹತ್ತು ವರ್ಷ ಚಿಂತೆಯಿಲ್ಲ ಎಂದು ಹಿರಿಯರು ಅಪ್ಪಣೆ ಕೊಡಿಸಿದರು.

ಆಮೇಲೆ ಆದದ್ದೇ ಬೇರೆ. ಗಾಯದಿಂದ ಗುಣವಾದ ರಹಾನೆ ಮರಳಿದ್ದರಿಂದ ಮುಂದಿನ ಟೆಸ್ಟಿನಲ್ಲಿ ಕರುಣ್ ಅವರಿಗೆ ಸ್ಥಳವೇ ಇಲ್ಲ. 2017ರ ಮಾರ್ಚಿನಲ್ಲಿ ಆಸ್ಟ್ರೇಲಿಯದ ಎದುರು 26, 0, 23, 5. ಮುನ್ನೂರರ ಮಗ್ಗುಲಲ್ಲಿಟ್ಟರೆ ಯಾವ ಅಂಕಿ ತಾನೆ ದೊಡ್ಡದಾಗಿ ಕಂಡೀತು? ಅಲ್ಲಿಂದ ಮುಂದೆ ಎಂಟು ವರ್ಷ ಅವರಿಗೆ ಟೆಸ್ಟ್ ಇಲ್ಲ. ಕರ್ನಾಟಕದ ತಂಡದಲ್ಲೂ ಸ್ಥಾನ ತಪ್ಪಿತು. 2023ರಲ್ಲಿ ವಿದರ್ಭಕ್ಕೆ ಹೋದರು. ಕೆಲಸ ಇರುವಲ್ಲಿಗೆ ಊರು ಬಿಟ್ಟು ಹೋಗುವುದೆಂದರೇನೆಂದು ಗುಜರಾತಿಗೆ ಬಂದ ನಮಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ.

2025ರ ಜನವರಿ 18, ಶನಿವಾರ. ವಡೋದರದ ಆಚೆ ಬದಿಯ ಕೋಟಂಬಿಯಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ. ಹಜಾರೆಯವರೂ ಬರೋಡಾ ತಂಡದ ಆಟಗಾರರೇ. ಕರ್ನಾಟಕಕ್ಕೆ ಎದುರಾಳಿ ವಿದರ್ಭ. ವಿದರ್ಭಕ್ಕೆ ನಾಯಕ ಕರುಣ್! ಆ ಋತುವಿನಲ್ಲಿ ಅವರು ಐದು ಶತಕ ಸೇರಿ 752 ಓಟ ಗಳಿಸಿದ್ದರು. ಔಟಾದದ್ದು ಒಂದೇ ಸಲ. ರಿಫೈನರಿಯ ಪಾಳಿ ಹೊಂದಿಸಿಕೊಂಡು, ಬುತ್ತಿ ಕಟ್ಟಿಕೊಂಡು ನಾವು ಕೆಲವು ಮನೆಯವರು ಹೋಗಿದ್ದೆವು. "ಅಪ್ಪಾ, ಇವರಲ್ಲಿ ನಮ್ಮವರು ಯಾರು?" ಎಂದು ಮಕ್ಕಳು ಕೇಳಿದರೆ ಏನು ಹೇಳುವುದು? ಸ್ಮರಣ್ 101 ಹೊಡೆದರು. ಕರುಣ್ 27ರಲ್ಲಿದ್ದಾಗ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರ ವಿಕೆಟ್ ಕೆಡವಿದರು. ಕರ್ನಾಟಕ 36 ಓಟಗಳಿಂದ ಗೆದ್ದಿತು. ನಾವು ಪ್ರಸಿದ್ಧರಿಗೂ ಚಪ್ಪಾಳೆ ತಟ್ಟಿದೆವು, ಹಿಂದಿರುಗುತ್ತಿದ್ದ ಕರುಣರಿಗೂ ತಟ್ಟಿದೆವು.

ಆ ವರ್ಷವೇ ಇಂಗ್ಲೆಂಡಿನಲ್ಲಿ ಅವರಿಗೆ ಮತ್ತೆ ನಾಲ್ಕು ಟೆಸ್ಟ್ ಸಿಕ್ಕಿದವು. ಅರ್ಧಶತಕ ಬಂದದ್ದು ಒಂದೇ. ಅಕ್ಟೋಬರಿನಲ್ಲಿ ನಮ್ಮ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ಟೆಸ್ಟ್ ನಡೆಯುವ ವೇಳೆಗೆ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಆದರೂ ದಾಂಡು ಕೆಳಗಿಡದೆ ಕರ್ನಾಟಕದ ತಂಡಕ್ಕೆ ಮರಳಿ ಆಡಿದರು.

ಅದೇ ಅಹಮದಾಬಾದಿನ ದೀಪಕ್ ಶೋಧನ್ ಅವರ ಪಾಡೂ ಇಂಥದೇ. 1952ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ಎದುರು ತಮ್ಮ ಮೊದಲ ಇನ್ನಿಂಗ್ಸಿನಲ್ಲೇ 110 ಹೊಡೆದರು. ಒಟ್ಟು ಆಡಿದ್ದು ಮೂರೇ ಟೆಸ್ಟ್. ಇನ್ನು ನಮ್ಮ ಭದ್ರಾವತಿಯ ವಿಶ್ವನಾಥ್! 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲು ಸೊನ್ನೆ, ಎರಡನೆಯ ಇನ್ನಿಂಗ್ಸಿನಲ್ಲಿ 137. ಮುಂದೆ 91 ಟೆಸ್ಟ್, 14 ಶತಕ. ಆ ಸೊನ್ನೆಯನ್ನು ಕಂಡೇ ಲೆಕ್ಕ ಮುಗಿಸಿದ್ದರೆ ನಷ್ಟ ಯಾರಿಗೆ?

ಇದು ಬರೀ ಆಟದ ಮಾತಲ್ಲ. ಪರಸ್ಥಳದಲ್ಲಿರುವ ನಮ್ಮ ಮನೆಗಳಲ್ಲಿ ಮಗು ಒಂದು ಸಲ ತರಗತಿಗೆ ಮೊದಲನೆಯದಾಗಿ ಬಂದರೆ ಸಾಕು, ಅಂದಿನಿಂದ ಎರಡನೆಯ ಸ್ಥಾನವೂ ಸೋಲೇ. ರಾಜ್ಯೋತ್ಸವದಲ್ಲಿ ಚೆನ್ನಾಗಿ ಹಾಡಿದ ಹುಡುಗಿ ಮರುವರ್ಷ ತಡವರಿಸಿದರೆ ಸಭೆಯ ಮುಖವೇ ಬಾಡುತ್ತದೆ. ಆ ಮುಖಗಳನ್ನು ಮಗು ನೋಡುತ್ತಿರುತ್ತದೆ. ಆಸೆ ಇಟ್ಟುಕೊಳ್ಳುವುದು ತಪ್ಪಲ್ಲ. ಪ್ರೀತಿಯಿದ್ದಲ್ಲಿ ಆಸೆಯೂ ಉಂಟು. ಆದರೆ ಮೊದಲ ಗೆಲುವು ಮಗು ನಮಗೆ ಕೊಟ್ಟ ಉಡುಗೊರೆಯೇ ಹೊರತು, ಬಡ್ಡಿ ಸಮೇತ ತೀರಿಸಬೇಕಾದ ಸಾಲವಲ್ಲ. ಮುನ್ನೂರು ಹೊಡೆದ ಮಗುವಿಗೂ ಸೊನ್ನೆ ಸುತ್ತಿದ ಮಗುವಿಗೂ ಎರಡನೆಯ ಇನ್ನಿಂಗ್ಸ್ ಕೊಡುವುದು ದೊಡ್ಡವರಾದ ನಮ್ಮ ಕೆಲಸ.